ಹೆಸರನ್ನು ಬೇಡದ ದಾನ
ಜಮ್‌ಶೆಟ್‌ಜಿ ಟಾಟಾರವರ ಜೀವಿತವೂ ಅದರ ಪಾಠವೂ

ಬೆಂಗಳೂರಿಗೆ ಹೊಸದಾಗಿ ಬಂದವರು ಮಲ್ಲೇಶ್ವರದ ಬೀದಿಯಲ್ಲಿ ನಿಂತು ಭಾರತೀಯ ವಿಜ್ಞಾನ ಸಂಸ್ಥೆಗೆ ದಾರಿ ಯಾವುದೆಂದು ಕೇಳಿದರೆ, ಊರಿನ ಹಳಬರು ತುಸು ಯೋಚಿಸಿ, "ಟಾಟಾ ಇನ್‌ಸ್ಟಿಟ್ಯೂಟೇ?" ಎಂದು ಮರುಪ್ರಶ್ನೆ ಹಾಕಿಯೇ ದಾರಿಯನ್ನು ತೋರಿಸುವರು. ಆ ಸಂಸ್ಥೆಯ ಅಧಿಕೃತ ನಾಮದಲ್ಲಿ ಟಾಟಾ ಎಂಬ ಎರಡು ಅಕ್ಷರಗಳು ಎಲ್ಲಿಯೂ ಇಲ್ಲ. ಇದು ಯಾರ ಮರೆವಿನಿಂದಲೂ ಆದುದಲ್ಲ. ತನ್ನ ಆಸ್ತಿಯ ದೊಡ್ಡ ಪಾಲನ್ನು ಅದಕ್ಕೆಂದು ತೆಗೆದಿಟ್ಟ ಮಹನೀಯರೇ ತಮ್ಮ ಹೆಸರು ಅದಕ್ಕೆ ಬೇಡವೆಂದಿದ್ದರು. ಒಬ್ಬನ ಹೆಸರನ್ನು ಹೊತ್ತ ಸಂಸ್ಥೆಗೆ ಇನ್ನೊಬ್ಬನು ಮನಸ್ಸಿಟ್ಟು ಕೊಡಲಾರನು, ದೇಶದ ಸಂಸ್ಥೆಯಾದರೆ ಎಲ್ಲರೂ ಕೊಡುವರು ಎಂಬುದು ಅವರ ಎಣಿಕೆ. ಬೆಂಗಳೂರಿನ ಜನರು ಈ ಒಂದು ವಿಷಯದಲ್ಲಿ ದಾನಿಯ ಮಾತನ್ನು ಮೀರಿ, ಒಂದು ಶತಮಾನಕ್ಕೂ ಮೇಲ್ಪಟ್ಟು ಅವರ ಹೆಸರಿನಿಂದಲೇ ಅದನ್ನು ಕರೆಯುತ್ತ ಬಂದಿರುವರು.

ಆದರೆ ಆ ದಾನಿಯು ತನ್ನ ದಾನದ ಫಲವನ್ನು ಕಾಣಲಿಲ್ಲ. ಜಮ್‌ಶೆಟ್‌ಜಿ ನಸರವಾನ್‌ಜಿ ಟಾಟಾರವರು 1904ನೆಯ ಇಸವಿ ಮೇ 19ರಂದು ಜರ್ಮನಿಯ ಬಾದ್ ನೌಹೈಮ್ ಎಂಬ ಊರಿನಲ್ಲಿ ತೀರಿಕೊಂಡರು. ವಿಜ್ಞಾನ ಸಂಸ್ಥೆಗೆ ಮೊದಲ ವಿದ್ಯಾರ್ಥಿಗಳು ಬಂದುದು 1911ರಲ್ಲಿ. ಅವರು ಕನಸು ಕಂಡ ಕಾರ್ಖಾನೆಯಲ್ಲಿ ಮೊದಲ ಉಕ್ಕಿನ ಗಟ್ಟಿ ಎರಕವಾದುದು 1912ರಲ್ಲಿ. ಅವರು ಯೋಚಿಸಿದ ಜಲವಿದ್ಯುತ್ತು ಮುಂಬಯಿಯ ಗಿರಣಿಗಳಿಗೆ ಹರಿದುದು 1915ರಲ್ಲಿ. ಅವರ ನಾಲ್ಕು ಮಹಾಸಂಕಲ್ಪಗಳಲ್ಲಿ ಕಣ್ಣಾರೆ ಕಂಡುದು ಒಂದನ್ನು ಮಾತ್ರ: 1903ರ ಡಿಸೆಂಬರ್ 16ರಂದು ಬಾಗಿಲು ತೆರೆದ ಮುಂಬಯಿಯ ತಾಜಮಹಲ್ ಹೋಟೆಲು. ಉಳಿದ ಮೂರೂ ಅವರ ಹಿಂದೆಯೇ ಹುಟ್ಟಿದುವು. ಹಾಗಿದ್ದರೂ ಅವುಗಳ ಜನಕರು ಅವರೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಾಣಲಾರದ ಫಲಕ್ಕಾಗಿ ಒಬ್ಬ ವರ್ತಕನು ಹೇಗೆ ದುಡಿದನು, ಏತಕ್ಕಾಗಿ ದುಡಿದನು ಎಂಬುದನ್ನು ಇಂದು ವಾಚಕರೊಡನೆ ವಿಚಾರಮಾಡುವುದು ನಮ್ಮ ಉದ್ದೇಶ.

ಮನೆತನವೂ ಮೊದಲ ಗಳಿಕೆಯೂ

ಜಮ್‌ಶೆಟ್‌ಜಿಯವರು ಜನಿಸಿದುದು 1839ರ ಮಾರ್ಚಿ 3ರಂದು, ಆಗ ಬಡೋದೆಯ ಗಾಯಕವಾಡರ ಸೀಮೆಗೆ ಸೇರಿದ್ದ ಗುಜರಾತಿನ ನವಸಾರಿಯಲ್ಲಿ. ಅವರದು ತಲೆತಲಾಂತರದಿಂದ ಪಾರಸಿಯವರ ಪೌರೋಹಿತ್ಯ ನಡೆಸಿಕೊಂಡು ಬಂದ ಮನೆತನ. ತಂದೆ ನಸರವಾನ್‌ಜಿಯವರೇ ಆ ವೃತ್ತಿಯನ್ನು ಬಿಟ್ಟು ಮುಂಬಯಿಗೆ ಹೋಗಿ ವ್ಯಾಪಾರಕ್ಕೆ ಕೈಹಾಕಿದ ಮೊದಲಿಗರು. ಮಗನನ್ನು ಅಲ್ಲಿಗೆ ಕರೆಯಿಸಿಕೊಂಡು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿಸಿದರು. 1858ರಲ್ಲಿ ವ್ಯಾಸಂಗ ಮುಗಿಯಿತು. ಮರುವರ್ಷವೇ ತರುಣನು ತಂದೆಯ ಅಂಗಡಿಯ ಪರವಾಗಿ ಹಾಂಕಾಂಗಿಗೆ ಹೊರಟನು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ಆ ಕಾಲದ ಚೀಣದ ವ್ಯಾಪಾರವೆಂದರೆ ಹತ್ತಿಯೂ ಅಫೀಮೂ ಹೋಗುವುದು, ರೇಷ್ಮೆಯೂ ಚಹವೂ ಕರ್ಪೂರವೂ ಬರುವುದು. ಮುಂಬಯಿಯ ದೊಡ್ಡ ಮನೆತನಗಳ ಐಶ್ವರ್ಯದ ಬೇರುಗಳನ್ನು ಅಗೆಯುತ್ತ ಹೋದರೆ ಅಫೀಮಿನ ವಾಸನೆ ಹೊಡೆಯದ ಬೇರುಗಳು ಕಡಮೆ. ಟಾಟಾ ಮನೆತನದ ಅಂಗಡಿಯೂ ಇದಕ್ಕೆ ಹೊರತಾಗಿರಲಿಲ್ಲ. 1867–68ರಲ್ಲಿ ಇಂಗ್ಲಿಷರು ಅಬಿಸೀನಿಯದ ಮೇಲೆ ದಂಡೆತ್ತಿ ಹೋದಾಗ ಆ ದಂಡಿಗೆ ಸಾಮಗ್ರಿ ಒದಗಿಸುವ ಗುತ್ತಿಗೆಯಲ್ಲಿ ನಸರವಾನ್‌ಜಿಯವರಿಗೆ ಪಾಲು ದೊರೆತು, ಕೈತುಂಬ ಲಾಭ ಬಂದಿತು. ಪರದೇಶದ ವ್ಯಸನದಿಂದಲೂ ಪರರ ಯುದ್ಧದಿಂದಲೂ ಬಂದ ಹಣವದು. ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಇಂಥ ಪುಟಗಳನ್ನು ಹರಿದುಹಾಕುವ ರೂಢಿಯುಂಟು. ಹರಿದುಹಾಕಿದರೆ ಪುಟ ಹೋಗುವುದೇ ಹೊರತು ಸಂಗತಿ ಹೋಗದು. ಬಂದ ಹಣವನ್ನು ಜಮ್‌ಶೆಟ್‌ಜಿಯವರು ಎತ್ತ ತಿರುಗಿಸಿದರು ಎಂಬುದನ್ನೂ ಅದರ ಜೊತೆಗೇ ನೋಡುವುದು ನ್ಯಾಯ.

ಅವರ ಶೀಲಕ್ಕೆ ಮೊದಲ ಪರೀಕ್ಷೆ ಬಂದುದು ಸೋಲಿನ ಕಾಲದಲ್ಲಿ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು; ಊರಿಗೆ ಊರೇ ಷೇರಿನ ಹುಚ್ಚಿನಲ್ಲಿ ಮುಳುಗಿತು. 1865ರಲ್ಲಿ ಯುದ್ಧ ನಿಂತ ಕೂಡಲೆ ಎಲ್ಲವೂ ಕುಸಿಯಿತು. ಆಗ ಜಮ್‌ಶೆಟ್‌ಜಿಯವರು ಲಂಡನಿನಲ್ಲಿ ಇದ್ದರು. ಅವರ ಕೈಯಲ್ಲಿದ್ದ ಹುಂಡಿ ಪತ್ರಗಳು ಬರಿಯ ಕಾಗದವಾದುವು. ಅವರು ಓಡಿಹೋಗಲಿಲ್ಲ, ಮರೆಮಾಚಲೂ ಇಲ್ಲ. ಸಾಲ ಕೊಟ್ಟವರ ಮುಂದೆ ನಿಂತು ಇದ್ದುದನ್ನು ಇದ್ದಂತೆ ಹೇಳಿದರು. ಆ ಸಾಹುಕಾರರು ಅವರ ಪ್ರಾಮಾಣಿಕತೆಯನ್ನು ಮೆಚ್ಚಿ, ಅವರದೇ ವ್ಯವಹಾರವನ್ನು ಇತ್ಯರ್ಥಮಾಡುವ ಕೆಲಸಕ್ಕೆ ತಿಂಗಳಿಗೆ 20 ಪೌಂಡ್ ಸಂಬಳದ ಮೇಲೆ ಅವರನ್ನೇ ನೇಮಿಸಿಕೊಂಡರು. 1868ರಲ್ಲಿ 21,000 ರೂಪಾಯಿ ಬಂಡವಾಳದಿಂದ ಅವರು ತಮ್ಮದೇ ಅಂಗಡಿಯನ್ನು ತೆರೆದರು. ಮರುವರ್ಷ ಮುಂಬಯಿಯ ಚಿಂಚಪೋಕಳಿಯಲ್ಲಿ ಹಾಳುಬಿದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು ಹತ್ತಿಯ ಗಿರಣಿಯಾಗಿ ಮಾರ್ಪಡಿಸಿ, ಎರಡು ವರ್ಷಗಳಲ್ಲಿ ಲಾಭಕ್ಕೆ ಮಾರಿದರು. ಬಳಿಕ ಲ್ಯಾಂಕಷೈರಿಗೆ ಹೋಗಿ ಅಲ್ಲಿಯ ನೂಲುವ ನೇಯುವ ವಿದ್ಯೆಯನ್ನು ಹತ್ತಿರದಿಂದ ಕಂಡು ಬಂದರು.

ನಾಗಪುರದ ಗಿರಣಿ

ಆಗಿನ ದಿನಗಳಲ್ಲಿ ಗಿರಣಿಯೆಂದರೆ ಮುಂಬಯಿ. ಜಮ್‌ಶೆಟ್‌ಜಿಯವರು ಬೇರೆ ಬಗೆಯಾಗಿ ಲೆಕ್ಕ ಹಾಕಿದರು. ಹತ್ತಿ ಬೆಳೆಯುವ ಹೊಲ ಸಮೀಪವಿರಬೇಕು; ಕಲ್ಲಿದ್ದಲು ಸಮೀಪವಿರಬೇಕು; ರೈಲು ಇರಬೇಕು. ಈ ಮೂರೂ ಕೂಡಿದ ಊರು ಮಧ್ಯಪ್ರಾಂತದ ನಾಗಪುರ. ಅಲ್ಲಿ ಜವುಗು ಭೂಮಿಯೊಂದನ್ನು ಅಗ್ಗದಲ್ಲಿ ಕೊಂಡು ತುಂಬಿಸತೊಡಗಿದಾಗ, ಸ್ಥಳದ ಮಾರವಾಡಿ ಸಾಹುಕಾರರೊಬ್ಬರು, "ಈತನು ಬಂಗಾರವನ್ನು ಮಣ್ಣಿನಲ್ಲಿ ಹೂಳುತ್ತಿರುವನು" ಎಂದು ಹೇಳಿ ಸಾಲ ಕೊಡಲು ಒಪ್ಪಲಿಲ್ಲವಂತೆ. ಕೆಲವು ವರ್ಷಗಳ ತರುವಾಯ, ಮಣ್ಣು ಹಾಕಿ ಬಂಗಾರ ತೆಗೆದವರು ಇವರು ಎಂದು ಅವರೇ ಒಪ್ಪಿಕೊಂಡರೆಂದು ಪ್ರತೀತಿ. ಆ ಗಿರಣಿಯು ತೆರೆದುದು 1877ರ ಜನವರಿ 1ರಂದು. ಅದೇ ದಿನ ದಿಲ್ಲಿಯಲ್ಲಿ ವಿಕ್ಟೋರಿಯ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದುದರಿಂದ ಗಿರಣಿಗೆ ಎಂಪ್ರೆಸ್ ಎಂಬ ಹೆಸರಾಯಿತು.

ಹೆಸರು ಏನೇ ಇರಲಿ, ಒಳಗೆ ನಡೆದ ಕೆಲಸ ದೇಶಕ್ಕೆ ಹೊಸದು. ರೈಲ್ವೆಯ ಸರಕಿನ ವಿಭಾಗದಲ್ಲಿ ಕೆಲಸ ಮಾಡಿ ಬಂದ ಬೇಜನ್‌ಜಿ ಮೆಹತಾರವರನ್ನು ಆಡಳಿತಕ್ಕೆ ಆರಿಸಿಕೊಂಡರು; ಅವರಿಗೆ ಗಿರಣಿಯ ಅನುಭವವಿರಲಿಲ್ಲ, ಬುದ್ಧಿಯೂ ನಿಷ್ಠೆಯೂ ಇದ್ದುವು. ಹಳೆಯ ಯಂತ್ರಗಳು ಸರಿಹೋಗದಿದ್ದಾಗ ಅವನ್ನು ಕಿತ್ತು ಹೊಸವನ್ನು ತರಿಸಿದರು. ಲ್ಯಾಂಕಷೈರಿನವರೇ ಹಿಂದುಮುಂದು ನೋಡುತ್ತಿದ್ದ ರಿಂಗ್ ಕದಿರುಗಳನ್ನು 1883ರಲ್ಲಿಯೇ ಪರೀಕ್ಷೆಮಾಡಿ ಅಳವಡಿಸಿಕೊಂಡರು. ಕೆಲಸಗಾರರು ಮನಸ್ಸು ಬಂದಾಗ ಬರುವುದು, ಇಲ್ಲದಾಗ ಊರಿಗೆ ಹೋಗುವುದು ವಾಡಿಕೆಯಾಗಿತ್ತು. ಅವರನ್ನು ದಂಡದಿಂದ ತಿದ್ದುವ ಬದಲು, ಒಳ್ಳೆಯ ಗಾಳಿ, ಕುಡಿಯುವ ನೀರು, ವರ್ಷಕ್ಕೊಮ್ಮೆ ಬಹುಮಾನ ಇವುಗಳಿಂದ ಒಲಿಸಿಕೊಳ್ಳಲು ಯತ್ನಿಸಿದರು. 1886ರಲ್ಲಿ ಪಿಂಚಣಿಯ ನಿಧಿ, 1895ರಲ್ಲಿ ಅಪಘಾತಕ್ಕೆ ಪರಿಹಾರ, ಇವೆರಡೂ ಆ ಗಿರಣಿಯಲ್ಲಿ ಜಾರಿಗೆ ಬಂದುವು. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಬೇಕೆಂದು ಭಾರತ ಸರಕಾರವು ಕಾನೂನು ಮಾಡಿದುದು 1923ರಲ್ಲಿ ಎಂಬುದನ್ನು ನೆನೆದರೆ, ಒಬ್ಬ ಖಾಸಗಿ ವರ್ತಕನು ಸರಕಾರಕ್ಕಿಂತ 28 ವರ್ಷ ಮುಂದೆ ನಡೆದಿದ್ದನೆಂಬುದು ತಿಳಿಯುವುದು.

ಸ್ವದೇಶಿಯೆಂಬ ಹೆಸರು, ಹಡಗಿನ ಹೋರಾಟ

ವಂಗಭಂಗದ ಚಳವಳಿಯಿಂದ 'ಸ್ವದೇಶಿ' ಎಂಬ ಶಬ್ದ ದೇಶದ ಮನೆಮನೆಗೆ ಬಂದುದು 1905ರಲ್ಲಿ. ಅದಕ್ಕೆ 19 ವರ್ಷಗಳ ಮುಂಚೆ, 1886ರಲ್ಲಿ, ಜಮ್‌ಶೆಟ್‌ಜಿಯವರು ಮುಂಬಯಿಯ ಬಳಿಯ ಕುರ್ಲಾದಲ್ಲಿ ಬಿದ್ದುಹೋಗಿದ್ದ ಧರಮಸಿ ಗಿರಣಿಯನ್ನು ಕೊಂಡು ಅದಕ್ಕೆ ಸ್ವದೇಶಿ ಗಿರಣಿ ಎಂದು ಹೆಸರಿಟ್ಟರು. ಕೊಂಡುದು ಅಗ್ಗ, ಸರಿಪಡಿಸುವುದು ಬಲು ದುಬಾರಿ. ಕೆಲವು ವರ್ಷ ನಷ್ಟದ ಮೇಲೆ ನಷ್ಟವಾಯಿತು. ಅವರು ತಮ್ಮ ಎಂಪ್ರೆಸ್ ಗಿರಣಿಯ ಷೇರುಗಳಲ್ಲಿ ಕೆಲವನ್ನು ಮಾರಿ ಇದನ್ನು ಉಳಿಸಿದರು. ಇಂಥ ಹೆಸರನ್ನಿಟ್ಟ ಮೇಲೆ ಗಿರಣಿಯನ್ನು ಮುಚ್ಚುವುದು ಅವರಿಂದ ಆಗದ ಮಾತಾಗಿತ್ತು.

ಇದಕ್ಕಿಂತ ಕಹಿಯಾದ ಪ್ರಸಂಗ ಹಡಗಿನದು. ಮುಂಬಯಿಯಿಂದ ಚೀಣ ಜಪಾನುಗಳಿಗೆ ನೂಲು ಸಾಗಿಸುವ ಹಡಗುಗಳು ಇಂಗ್ಲಿಷರ ಪಿ. ಅಂಡ್ ಓ. ಕಂಪನಿಯ ಮತ್ತು ಅದರೊಡನೆ ಒಪ್ಪಂದ ಮಾಡಿಕೊಂಡ ಪರದೇಶೀ ಕಂಪನಿಗಳ ಕೈಯಲ್ಲಿದ್ದುವು. ಅವರು ಹೇಳಿದುದೇ ಬಾಡಿಗೆ. 1893ರಲ್ಲಿ ಜಮ್‌ಶೆಟ್‌ಜಿಯವರು ಜಪಾನಿಗೆ ಹೋಗಿ ನಿಪ್ಪನ್ ಯೂಸೆನ್ ಕೈಶಾ ಎಂಬ ಅಲ್ಲಿಯ ಕಂಪನಿಯೊಡನೆ ಮಾತಾಡಿ, ಸರಿಪಾಲಿನ ಸಾಹಸವಾಗಿ ಹೊಸ ಹಡಗಿನ ಸಾಲನ್ನು ಪ್ರಾರಂಭಿಸಿದರು. ಎದುರಾಳಿಯು ಸುಮ್ಮನಿರಲಿಲ್ಲ. ಟನ್ನಿಗೆ 19 ರೂಪಾಯಿಯಷ್ಟಿದ್ದ ಬಾಡಿಗೆಯನ್ನು ಒಂದೂವರೆ ರೂಪಾಯಿಗೆ ಇಳಿಸಿತು. ಅಗ್ಗದ ಬಾಡಿಗೆ ಟಾಟಾರವರ ಹಡಗು ಇರುವವರೆಗೆ ಮಾತ್ರ, ಅದು ಮುಳುಗಿದ ಮೇಲೆ ಪುನಃ ಹಳೆಯ ದರವೇ ಎಂಬುದು ಯಾರಿಗೆ ತಿಳಿಯದು? ತಿಳಿದೂ ನಮ್ಮ ವರ್ತಕರು ಒಬ್ಬೊಬ್ಬರಾಗಿ ಅತ್ತ ಸರಿದರು. ಯಾರ ಸಲುವಾಗಿ ಹೋರಾಟ ಹೂಡಿದ್ದರೋ ಅವರೇ ಕೈಬಿಟ್ಟರು. ಲಕ್ಷ ರೂಪಾಯಿಗೆ ಮೇಲ್ಪಟ್ಟು ಕಳೆದುಕೊಂಡು ಜಮ್‌ಶೆಟ್‌ಜಿಯವರು ಹಡಗುಗಳನ್ನು ಹಿಂದಿರುಗಿಸಿದರು. ಜಪಾನಿನ ಕಂಪನಿ ಉಳಿಯಿತು. ಏತಕ್ಕೆಂದರೆ ಅದರ ಬೆನ್ನಿಗೆ ಅದರ ಸರಕಾರವಿತ್ತು.

ಈ ಸೋಲು ಅವರಿಗೆ ಕಲಿಸಿದ ಪಾಠ ಸ್ಪಷ್ಟವಾಗಿದೆ. ಸರಕಾರ ನಮ್ಮದಲ್ಲದ ದೇಶದಲ್ಲಿ ವರ್ತಕನಿಗೆ ಧೈರ್ಯವೊಂದೇ ಸಾಲದು. 1896ರಲ್ಲಿ ಸರಕಾರವು ಲ್ಯಾಂಕಷೈರಿನ ಹಿತಕ್ಕಾಗಿ ನಮ್ಮ ಗಿರಣಿಯ ಬಟ್ಟೆಯ ಮೇಲೆ ನೂರಕ್ಕೆ ಮೂರೂವರೆಯಂತೆ ಸುಂಕ ಹಾಕಿದಾಗ ಈ ಪಾಠ ಇನ್ನಷ್ಟು ಗಟ್ಟಿಯಾಯಿತು. ಆ ಅನ್ಯಾಯದ ಸುಂಕ ಕೊನೆಗಂಡುದು ಮೂವತ್ತು ವರ್ಷಗಳ ಮೇಲೆ. ದಾದಾಭಾಯಿ ನವರೋಜಿಯವರ, ಫಿರೋಜಶಹ ಮೆಹತಾರವರ ಗೆಳೆತನ ಜಮ್‌ಶೆಟ್‌ಜಿಯವರಿಗಿತ್ತು. ಕಾಂಗ್ರೆಸ್ಸಿನ ಮೇಲೆ ಅಭಿಮಾನವಿತ್ತು. ವೇದಿಕೆಯ ಭಾಷಣ ಮಾತ್ರ ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ದೇಶಕ್ಕೆ ಕಬ್ಬಿಣ, ವಿದ್ಯುತ್ತು, ವಿದ್ಯೆ ಇವು ಮೂರೂ ಇಲ್ಲದಿದ್ದರೆ ಸ್ವಾತಂತ್ರ್ಯವು ಬಂದರೂ ನಿಲ್ಲದೆಂದು ಅವರು ತಿಳಿದಂತೆ ತೋರುವುದು.

ದಾನದ ಎರಡು ಬಗೆ

ನಮ್ಮ ದೇಶದಲ್ಲಿ ದಾನಕ್ಕೆ ಎಂದೂ ಕೊರತೆಯಿಲ್ಲ. ಅರವಟ್ಟಿಗೆ, ಛತ್ರ, ಅನ್ನಸತ್ರ, ಕೆರೆ, ಗುಡಿ ಇವು ಪೂರ್ವಿಕರು ನಡೆದ ದಾರಿ. ಅದನ್ನು ಹೀಗಳೆಯುವುದು ಅವಿವೇಕ. ಜಮ್‌ಶೆಟ್‌ಜಿಯವರೂ ಹಸಿದವನಿಗೆ ಅನ್ನವಿಕ್ಕುವುದನ್ನು ಬೇಡವೆನ್ನಲಿಲ್ಲ. ಆದರೆ ಹರಿದ ಬಟ್ಟೆಗೆ ತೇಪೆ ಹಾಕುವಂಥ ದಾನ ಒಂದು, ಹೊಸ ಬಟ್ಟೆ ನೇಯುವ ಕೈಯನ್ನು ಸಿದ್ಧಪಡಿಸುವ ದಾನ ಇನ್ನೊಂದು ಎಂದು ಅವರು ವಿಂಗಡಿಸಿದರು. ತೀರ ದುರ್ಬಲರನ್ನು ಆಧರಿಸುವುದಕ್ಕಿಂತ, ಅತ್ಯುತ್ತಮ ಬುದ್ಧಿಯುಳ್ಳವರನ್ನು ಮೇಲೆತ್ತಿ ಅವರಿಂದ ದೇಶದ ಸೇವೆಯಾಗುವಂತೆ ಮಾಡುವುದೇ ರಾಷ್ಟ್ರವನ್ನು ಮುಂದಕ್ಕೆ ತರುವುದೆಂಬುದು ಅವರ ದೃಢವಾದ ಮತ. ಈ ಮತದ ಮೇಲೆ ವಾದ ಮಾಡಬಹುದು. ಮೇಲಿನವರನ್ನು ಎತ್ತಿದರೆ ಕೆಳಗಿನವರು ತಾವಾಗಿ ಏಳುವರೇ ಎಂಬ ಪ್ರಶ್ನೆ ಇಂದಿಗೂ ಉಳಿದಿದೆ. ಆದರೆ ಅವರ ಕಾಲದಲ್ಲಿ ಉನ್ನತ ವಿದ್ಯೆಯ ಬಾಗಿಲುಗಳೆಲ್ಲ ಪರರ ಕೈಯಲ್ಲಿದ್ದುವೆಂಬುದನ್ನು ಮರೆತು ವಾದಿಸಬಾರದು.

1892ರಲ್ಲಿ ಅವರು ಒಂದು ನಿಧಿಯನ್ನು ಸ್ಥಾಪಿಸಿದರು. ಹೊರದೇಶಕ್ಕೆ ಉಚ್ಚ ವ್ಯಾಸಂಗಕ್ಕಾಗಿ ಹೋಗುವವರಿಗೆ ಅದರಿಂದ ಹಣ. ಮೊದಲು ಪಾರಸಿಯವರಿಗೆ ಮಾತ್ರ ಎಂದಿದ್ದುದನ್ನು ಎರಡೇ ವರ್ಷಗಳಲ್ಲಿ ಜಾತಿಮತಗಳ ಭೇದವಿಲ್ಲದೆ ಎಲ್ಲ ಭಾರತೀಯರಿಗೂ ತೆರೆದರು. ಇದರ ವಿಶೇಷವೇನೆಂದರೆ, ಕೊಡುವ ಹಣ ಭಿಕ್ಷೆಯಲ್ಲ, ಸಾಲ. ಓದಿ ಸಂಪಾದಿಸತೊಡಗಿದವನು ಅದನ್ನು ಹಿಂದಿರುಗಿಸಬೇಕು. ಹಾಗೆ ಹಿಂದಿರುಗಿದ ಹಣ ಮತ್ತೊಬ್ಬನ ಹಡಗಿನ ಟಿಕೀಟಾಗುವುದು. ಪಡೆದವನ ತಲೆ ತಗ್ಗಬೇಕಾಗಿಲ್ಲ, ನಿಧಿಯೂ ಕರಗಬೇಕಾಗಿಲ್ಲ. ಮುಂದೆ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್‌ರವರೂ, ನಮ್ಮವರೇ ಆದ ಅಣುವಿಜ್ಞಾನಿ ರಾಜಾ ರಾಮಣ್ಣನವರೂ ಈ ನಿಧಿಯಿಂದ ಹೊರದೇಶದಲ್ಲಿ ಓದಿದವರು.

ವಿಜ್ಞಾನ ಸಂಸ್ಥೆಯೂ ಮೈಸೂರಿನ ಔದಾರ್ಯವೂ

1898ರ ಸಪ್ಟಂಬರಿನಲ್ಲಿ ಅವರು ಇನ್ನೂ ದೊಡ್ಡ ಸಂಗತಿಯನ್ನು ಪ್ರಕಟಿಸಿದರು. ಭಾರತದಲ್ಲಿ ಸಂಶೋಧನೆಗಾಗಿಯೇ ಒಂದು ವಿಶ್ವವಿದ್ಯಾನಿಲಯ ಏಳಬೇಕು. ಅದಕ್ಕಾಗಿ 30 ಲಕ್ಷ ರೂಪಾಯಿ ಬೆಲೆಯ, ವರ್ಷಕ್ಕೆ ಒಂದೂಕಾಲು ಲಕ್ಷ ಹುಟ್ಟುವಳಿಯುಳ್ಳ ಮುಂಬಯಿಯ ಆಸ್ತಿಯನ್ನು ಕೊಡುವೆನು ಎಂದು. ಆ ಕಾಲದ 30 ಲಕ್ಷವೆಂದರೆ ಎಂಪ್ರೆಸ್ ಗಿರಣಿಯ ಮೊದಲ ಬಂಡವಾಳದ ಎರಡರಷ್ಟು. ಅವರ ಸಹಾಯಕರಾದ ಬುರ್ಜೋರ್‌ಜಿ ಪಾದಶಹರವರು ಯುರೋಪಿನ ವಿದ್ಯಾಪೀಠಗಳನ್ನೆಲ್ಲ ಸುತ್ತಿ ವಿವರ ತಂದರು. ಜಮ್‌ಶೆಟ್‌ಜಿಯವರು ಅದೇ ವರ್ಷ ನವಂಬರಿನಲ್ಲಿ ಸ್ವಾಮಿ ವಿವೇಕಾನಂದರಿಗೆ ಪತ್ರ ಬರೆದು, 1893ರಲ್ಲಿ ಜಪಾನಿನಿಂದ ಅಮೆರಿಕದತ್ತ ಇಬ್ಬರೂ ಒಂದೇ ಹಡಗಿನಲ್ಲಿ ಪ್ರಯಾಣ ಮಾಡಿದುದನ್ನು ನೆನಪಿಸಿ, ತಮ್ಮ ಯೋಜನೆಗೆ ಅವರ ನೆರವನ್ನು ಬೇಡಿದರು. ಭಾರತದ ವೈರಾಗ್ಯವನ್ನು ವಿಜ್ಞಾನದ ಸೇವೆಗೆ ತಿರುಗಿಸಬೇಕೆಂಬುದು ಆ ಪತ್ರದ ಸಾರ.

ಡಿಸೆಂಬರ್ 31ರಂದು, ಹೊಸ ವೈಸರಾಯ್ ಲಾರ್ಡ್ ಕರ್ಜನರು ಮುಂಬಯಿಯಲ್ಲಿ ಇಳಿದ ಮರುದಿನವೇ, ಯೋಜನೆಯ ಸಮಿತಿಯು ಅವರನ್ನು ಕಂಡಿತು. ಕರ್ಜನರಿಗೆ ಎರಡು ಸಂದೇಹಗಳು: ಇಷ್ಟು ಮೇಲ್ಮಟ್ಟದ ವಿದ್ಯೆಗೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ಸಿಕ್ಕುವರೇ? ಸಿಕ್ಕಿ ಕಲಿತರೂ ಅವರಿಗೆ ಕೆಲಸ ಎಲ್ಲಿದೆ? ವಿದ್ಯೆಯಿಲ್ಲದುದರಿಂದ ಉದ್ಯಮವಿಲ್ಲ, ಉದ್ಯಮವಿಲ್ಲದುದರಿಂದ ವಿದ್ಯೆ ಬೇಡ ಎಂಬ ಈ ಚಕ್ರವನ್ನು ಒಡೆಯುವುದಕ್ಕೇ ಟಾಟಾರವರು ಹಣ ತೆಗೆದಿಟ್ಟಿದ್ದರು! ಅಂದಿನಿಂದ ಕಡತವು ಚಲಿಸತೊಡಗಿತು. 1900ರಲ್ಲಿ ಇಂಗ್ಲೆಂಡಿನಿಂದ ರಸಾಯನ ಪಂಡಿತ ರ‍್ಯಾಮ್ಸೆಯವರು ಬಂದು ದೇಶವನ್ನು ಸುತ್ತಿ, ಬೆಂಗಳೂರೇ ಯೋಗ್ಯ ಸ್ಥಳವೆಂದು ವರದಿ ಕೊಟ್ಟರು. ಆ ವರದಿಯನ್ನು ಪರಿಶೀಲಿಸಲು 1901ರಲ್ಲಿ ಮಾಸನ್, ಕ್ಲಿಬರ್ನ್ ಎಂಬವರ ಮತ್ತೊಂದು ಸಮಿತಿ. ವರ್ಷದ ಮೇಲೆ ವರ್ಷ ಉರುಳಿತು. ದಾನ ಬೇಡುವವನು ಕಚೇರಿಯ ಬಾಗಿಲಿನಲ್ಲಿ ಕಾಯುವುದನ್ನು ಎಲ್ಲರೂ ಕಂಡಿರುವರು. ದಾನ ಕೊಡುವವನೇ ಹಣದ ಗಂಟು ಹಿಡಿದು ಆರು ವರ್ಷ ಕಾದು, ಕಾಯುತ್ತಲೇ ಕಣ್ಣುಮುಚ್ಚಿದ ದೃಷ್ಟಾಂತ ಅಪೂರ್ವ.

ಈ ವಿಷಯದಲ್ಲಿ ಕನ್ನಡಿಗರು ತಲೆಯೆತ್ತಿ ಹೇಳಬಹುದಾದ ಮಾತೊಂದುಂಟು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದಾಗಲೇ ಮೈಸೂರು ಸಂಸ್ಥಾನವು ಈ ಯೋಜನೆಗೆ ಕೈಚಾಚಿತು. ಮುಂದೆ 371 ಎಕರೆ ಭೂಮಿ, ಕಟ್ಟಡಗಳಿಗೆ 5 ಲಕ್ಷ ರೂಪಾಯಿ, ವರ್ಷವರ್ಷಕ್ಕೂ 50,000 ರೂಪಾಯಿ ಸಂಸ್ಥಾನದಿಂದ ದೊರೆತುವು. ಜಮ್‌ಶೆಟ್‌ಜಿಯವರಿಗೂ ಈ ನಾಡಿಗೂ ಬೇರೆ ಬಾಂಧವ್ಯಗಳೂ ಇದ್ದುವು. ಜಪಾನಿನ ರೀತಿಯಲ್ಲಿ ರೇಷ್ಮೆ ತೆಗೆಯುವುದನ್ನು ಇಲ್ಲಿಯ ರೈತರಿಗೆ ಕಲಿಸಲೆಂದು ಜಪಾನೀ ತಜ್ಞರನ್ನು ಕರೆಯಿಸಿ ಅವರು ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟವನ್ನು ಮಾಡಿಸಿದ್ದರು. ಬಸವನಗುಡಿಯ ಆಚೆಯ ಬಡಾವಣೆಗೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಈಗಲೂ ಉಳಿದಿದೆ. ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಹೊರ್ಮುಸ್‌ಜಿ ಭಾಭಾರವರ ಮಗಳು ಮೆಹರಬಾಯಿಯವರು 1898ರಲ್ಲಿ ಟಾಟಾರವರ ಹಿರಿಯ ಸೊಸೆಯಾದರು. ಆ ಭಾಭಾರವರ ಮೊಮ್ಮಗನೇ ಅಣುವಿಜ್ಞಾನಿ ಹೋಮಿ ಭಾಭಾ. ಅವರು 1940ರ ದಶಕದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದುದು ಇದೇ ವಿಜ್ಞಾನ ಸಂಸ್ಥೆಯಲ್ಲಿ.

ತಂದೆಯು ತೀರಿಕೊಂಡ ಮೇಲೆ ಮಕ್ಕಳಾದ ದೊರಾಬ್‌ಜಿಯವರೂ ರತನ್‌ಜಿಯವರೂ ಮನಸ್ಸು ಮಾಡಿದ್ದರೆ ಸರಕಾರದ ವಿಳಂಬವನ್ನೇ ನೆವಮಾಡಿಕೊಂಡು ಆ 30 ಲಕ್ಷದ ಆಸ್ತಿಯನ್ನು ತಮ್ಮಲ್ಲಿಯೇ ಉಳಿಸಿಕೊಳ್ಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ತಂದೆಯ ಮಾತನ್ನು ನಡೆಸಿದರು. 1909ರ ಮೇ 27ರಂದು ಸರಕಾರದ ಆಜ್ಞೆ ಹೊರಟಿತು. 1911ರಲ್ಲಿ ಶ್ರೀಮನ್ಮಹಾರಾಜ ಕೃಷ್ಣರಾಜ ಒಡೆಯರವರು ಅಸ್ತಿಭಾರದ ಶಿಲೆಯನ್ನಿಟ್ಟರು. ಅದೇ ವರ್ಷ ಜುಲೈ ತಿಂಗಳಲ್ಲಿ ವಿದ್ಯಾರ್ಥಿಗಳು ಬಂದರು. ಕರ್ಜನರ ಸಂದೇಹಕ್ಕೆ ಕಾಲವೇ ಉತ್ತರ ಹೇಳಿತು. 1933ರಲ್ಲಿ ಆ ಸಂಸ್ಥೆಯ ನಿರ್ದೇಶಕ ಪೀಠವನ್ನು ಸಿ. ವಿ. ರಾಮನ್ನರು ಏರಿದರು, ಆ ಪೀಠದಲ್ಲಿ ಕುಳಿತ ಮೊದಲ ಭಾರತೀಯರು ಅವರು.

ಕಬ್ಬಿಣದ ಕನಸು

ಕಬ್ಬಿಣದ ಕಥೆಯೂ ಇದೇ ಬಗೆಯದು. ಮಧ್ಯಪ್ರಾಂತದ ಚಾಂದಾ ಜಿಲ್ಲೆಯ ಅದಿರನ್ನು ಕುರಿತು ಜರ್ಮನ್ ಪಂಡಿತನೊಬ್ಬನು ಬರೆದ ವರದಿಯನ್ನು ಅವರು ಓದಿದುದು 1882ರಲ್ಲಿ. ಆಗಿನ ಗಣಿಯ ಕಾನೂನುಗಳು ಯಾರನ್ನೂ ಹತ್ತಿರ ಬರಗೊಡುತ್ತಿರಲಿಲ್ಲ. ಅವು ಸಡಿಲವಾದುದು 1899ರಲ್ಲಿ. ಹದಿನೇಳು ವರ್ಷ ಆ ಯೋಚನೆಯನ್ನು ಅವರು ಬಿಟ್ಟಿರಲಿಲ್ಲ. ಅರವತ್ತು ಮೀರಿದ, ಆರೋಗ್ಯ ಕೆಟ್ಟ ದೇಹವನ್ನು ಹೊತ್ತು 1902ರಲ್ಲಿ ಅಮೆರಿಕಕ್ಕೆ ಹೋಗಿ, ಉಕ್ಕಿನ ಊರುಗಳನ್ನು ನೋಡಿ, ಚಾರ್ಲ್ಸ್ ಪೇಜ್ ಪೆರಿನ್ ಎಂಬ ಎಂಜಿನಿಯರನ್ನು ಒಪ್ಪಿಸಿ ಬಂದರು. ಅದೇ ವರ್ಷ ಮಗನಿಗೆ ಬರೆದ ಪತ್ರದಲ್ಲಿ, ಇನ್ನೂ ಸ್ಥಳವೇ ಗೊತ್ತಾಗದ ಊರಿನ ಬೀದಿಗಳು ಅಗಲವಾಗಿರಲಿ, ನೆರಳಿನ ಮರಗಳಿರಲಿ, ಆಟದ ಬಯಲುಗಳಿರಲಿ, ಹಿಂದೂ ಮುಸಲ್ಮಾನ ಕ್ರೈಸ್ತರೆಲ್ಲರ ಪೂಜೆಗೆ ಸ್ಥಳವಿರಲಿ ಎಂದು ಸೂಚಿಸಿದರು.

ಅದಿರು ಸಿಕ್ಕಿದುದು ಚಾಂದಾದಲ್ಲಿ ಅಲ್ಲ. 1904ರ ಫೆಬ್ರವರಿಯಲ್ಲಿ ಭೂಗರ್ಭಶಾಸ್ತ್ರಜ್ಞ ಪ್ರಮಥನಾಥ ಬೋಸರು ಮಯೂರಭಂಜದ ಬೆಟ್ಟಗಳ ಸಮಾಚಾರವನ್ನು ತಿಳಿಸಿ ಪತ್ರ ಬರೆದರು. ಮೂರು ತಿಂಗಳೊಳಗೆ ಜಮ್‌ಶೆಟ್‌ಜಿಯವರು ತೀರಿಕೊಂಡರು. ಮಗ ದೊರಾಬ್‌ಜಿಯವರು ಲಂಡನಿನಲ್ಲಿ ಬಂಡವಾಳ ಎತ್ತಲು ಯತ್ನಿಸಿ ವಿಫಲರಾಗಿ, 1907ರಲ್ಲಿ ದೇಶದ ಜನರನ್ನೇ ಕೇಳಿದರು. ಸ್ವದೇಶಿಯ ಆ ಉತ್ಸಾಹದ ದಿನಗಳಲ್ಲಿ ಮೂರೇ ವಾರಗಳಲ್ಲಿ ಸುಮಾರು 8,000 ಜನರು 2 ಕೋಟಿ 30 ಲಕ್ಷಕ್ಕೂ ಮೇಲ್ಪಟ್ಟ ಹಣವನ್ನು ಕೊಟ್ಟರು. ಹಡಗಿನ ಕಾಲದಲ್ಲಿ ತಂದೆಯನ್ನು ಕೈಬಿಟ್ಟಿದ್ದ ದೇಶವು ಕಬ್ಬಿಣದ ಕಾಲದಲ್ಲಿ ಮಗನ ಕೈಹಿಡಿಯಿತು. ಈ ಕಾರ್ಖಾನೆಯು ರೈಲು ಕಂಬಿ ಮಾಡಿದರೆ ಅದನ್ನು ತಾನೇ ತಿನ್ನುವೆನೆಂದು ರೈಲ್ವೆಯ ಆಂಗ್ಲ ಅಧಿಕಾರಿಯೊಬ್ಬನು ಗೇಲಿಮಾಡಿದ್ದನಂತೆ. 1914ರಿಂದ ನಡೆದ ಮಹಾಯುದ್ಧದಲ್ಲಿ ಇಲ್ಲಿಯ ಕಂಬಿಗಳೇ ಮೆಸೊಪೊಟೇಮಿಯದಲ್ಲಿ ಬ್ರಿಟಿಷ್ ಸೈನ್ಯವನ್ನು ಹೊತ್ತುವು. 1919ರಲ್ಲಿ ಸಾಕ್‌ಚಿಯೆಂಬ ಆ ಹಳ್ಳಿಗೆ ಜಮ್‌ಶೆಡ್‌ಪುರವೆಂದು ಹೆಸರಾಯಿತು. ನಮ್ಮ ವಿಶ್ವೇಶ್ವರಯ್ಯನವರೂ ಮುಂದೆ ಆ ಕಂಪನಿಯ ಡೈರೆಕ್ಟರರಾಗಿದ್ದರು.

ಅಲ್ಲಿ ಎಲ್ಲವೂ ಸುಖವಾಗಿತ್ತೆಂದು ಹೇಳಿದರೆ ಸತ್ಯಕ್ಕೆ ಚ್ಯುತಿ. ಕಾರ್ಖಾನೆಗಾಗಿ ಆದಿವಾಸಿಗಳ ಹಳ್ಳಿಗಳು ಎದ್ದುಹೋದುವು. 1920ರಲ್ಲಿಯೂ 1928ರಲ್ಲಿಯೂ ಕೆಲಸಗಾರರು ದೊಡ್ಡ ಮುಷ್ಕರಗಳನ್ನು ಹೂಡಿದರು. ಸ್ಥಾಪಕನ ಸದಾಶಯವು ಅವನ ಹಿಂದಿನವರ ವ್ಯವಹಾರಕ್ಕೆ ಎಂದೆಂದಿಗೂ ಜಾಮೀನಾಗಲಾರದು. ಆದರೆ 1912ರಲ್ಲಿಯೇ ಅಲ್ಲಿ ದಿನಕ್ಕೆ ಎಂಟು ಗಂಟೆಯ ಕೆಲಸವೆಂಬ ನಿಯಮ ಬಂದಿತೆಂಬುದನ್ನೂ ಲೆಕ್ಕದ ಇನ್ನೊಂದು ಬದಿಗೆ ಬರೆಯಬೇಕು.

ಉಳಿದ ಮಾತು

ಜಮ್‌ಶೆಟ್‌ಜಿಯವರಿಗೆ ಸರಕಾರದ ಬಿರುದೊಂದೂ ಇರಲಿಲ್ಲ. ಅವರಿಗಿಂತ ಮುಂಚಿನ ಮುಂಬಯಿಯ ದಾನಿಗಳು 'ಸರ್' ಆದರು, ಬ್ಯಾರೊನೆಟ್ಟರಾದರು. ಅವರ ಮಕ್ಕಳಿಬ್ಬರೂ 'ಸರ್' ಎನಿಸಿದರು. ಅವರು ಮಾತ್ರ ಬರಿಯ ಶ್ರೀಯುತರಾಗಿಯೇ ತೀರಿಕೊಂಡು, ಇಂಗ್ಲೆಂಡಿನ ಬ್ರುಕ್‌ವುಡ್ ಎಂಬಲ್ಲಿಯ ಪಾರಸಿ ಶ್ಮಶಾನದಲ್ಲಿ ಮಣ್ಣಾದರು. ಅವರ ಮನೆತನದ ಮುಖ್ಯ ಕಂಪನಿಯ ಷೇರುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇಂದು ಧರ್ಮನಿಧಿಗಳ ಸ್ವಾಧೀನದಲ್ಲಿದೆ. ತಂದೆ ಹಾಕಿದ ಮೇಲ್ಪಂಕ್ತಿಯನ್ನು ಮಕ್ಕಳು ಅನುಸರಿಸಿದುದರ ಫಲವಿದು.

ನಮ್ಮ ನಡುವೆ ಧನವಂತರು ಇಂದು ಹಿಂದಿಗಿಂತ ಹೆಚ್ಚಾಗಿರುವರು, ದಾನವೂ ಹೆಚ್ಚಾಗಿದೆ, ದಾನಕ್ಕಿಂತ ದಾನಿಯ ಫಲಕಗಳು ಇನ್ನೂ ಹೆಚ್ಚಾಗಿವೆ. ಕೊಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಈ ಪಾರಸಿ ವರ್ತಕರ ಜೀವಿತವು ನಮ್ಮ ಮುಂದೆ ಇಟ್ಟಿದೆ. ಪಡೆದವನು ನಾಳೆಯೂ ಬೇಡುವಂತೆ ಕೊಡುವೆನೋ, ಬೇಡುವ ಅವಶ್ಯವೇ ಇಲ್ಲದಂತೆ ಕೊಡುವೆನೋ? ನಾನು ಕಾಣಲಾರದ ಫಲಕ್ಕೂ ಕೊಡುವೆನೋ? ಅಧಿಕಾರಸ್ಥರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ: ದೇಶಕ್ಕೆ ಕೊಡಬಂದವನನ್ನು ನಮ್ಮ ಬಾಗಿಲಿನಲ್ಲಿ ಎಷ್ಟು ವರ್ಷ ನಿಲ್ಲಿಸುವೆವು?

ಬೆಂಗಳೂರಿನ ಆ 371 ಎಕರೆಗಳಲ್ಲಿ ಈಗ ದೊಡ್ಡ ಮರಗಳು ನೆರಳು ಮಾಡಿವೆ. ಭೂಮಿ ದೊರೆತಾಗ ಅದು ಬಹುಮಟ್ಟಿಗೆ ಬರಿಯ ಬಯಲು. ನೆಡಿಸಿದವರಾಗಲಿ, ನೆಟ್ಟವರಾಗಲಿ, ಆ ನೆರಳಿನಲ್ಲಿ ಕೂರಲಿಲ್ಲ. ಕುಳಿತಿರುವವರು ಪ್ರತಿವರ್ಷವೂ ಹೊಸಬರು. ಅವರಲ್ಲಿ ಒಬ್ಬನಿಗೂ ದಾನಿಯ ಹೆಸರನ್ನು ಹೇಳಿ ಒಳಗೆ ಬರಬೇಕಾದ ಕಟ್ಟುಪಾಡಿಲ್ಲ.